ಹಾಸ್ಟೆಲ್ ಹುಡುಗರ ಮೇಲೆ ಪಿಎಚ್‌ಡಿ: ಜಾತಿಯ ಪ್ರಶ್ನೆ ಕೇಳೋದು ಹೇಗೆ?

ಕೊನೇ ಬೆಂಚು:
ಸಮಾಜಶಾಸ್ತ್ರ ವಿಭಾಗದಲ್ಲಿ ಪಿಎಚ್‌ಡಿಗೆ ಸೇರಿ ಒಂದು ವರ್ಷ ಆಯಿತು, ಕೋರ್ಸ್‌ವರ್ಕ್ ಮುಗಿದಿದೆ. ಸರ್ಕಾರಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುವ ಹುಡುಗರು ಕಾಲೇಜಿನಲ್ಲಿ ತಾವು ಯಾರು ಅಂತ ಹೇಳಿಕೊಳ್ಳುತ್ತಾರೆ, ಕ್ಲಾಸು ಅವರನ್ನು ಎಷ್ಟು ಒಳಗೆ ಬಿಟ್ಟುಕೊಳ್ಳುತ್ತದೆ ಅನ್ನೋದು ವಿಷಯ. ನಾನೂ ಬಿಸಿಎಂ, ಅಂದರೆ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲಿನಲ್ಲೇ ಓದಿದವನು. ನಮ್ಮ ಗೈಡ್ ಒಳ್ಳೆಯವರೇ, ಆದರೆ 40 ಪ್ರಶ್ನೆಯ ಪ್ರಶ್ನಾವಳಿ ಮಾಡು, 300 ಜನರಿಂದ ತುಂಬಿಸು, ಟೇಬಲ್ ಹಾಕು, ಮುಗೀತು ಅನ್ನುತ್ತಾರೆ. ಹೋದ ತಿಂಗಳು 20 ಜನರಿಂದ ತುಂಬಿಸಿ ನೋಡಿದೆ. ಕಾಲೇಜಿನಲ್ಲಿ ಜಾತಿ ಕಾರಣಕ್ಕೆ ಭೇದಭಾವ ಆಗಿದೆಯಾ ಅನ್ನೋ ಪ್ರಶ್ನೆಗೆ 19 ಜನ ‘ಇಲ್ಲ’ಕ್ಕೆ ಟಿಕ್ ಹಾಕಿದ್ದಾರೆ. ಅದೇ ಸಂಜೆ ಮೆಸ್ ಹೊರಗೆ ಟೀ ಕುಡಿಯುವಾಗ ಅವರಲ್ಲೇ ಮೂವರು ಬೇರೆಯದೇ ಕಥೆ ಹೇಳಿದರು. ಈಗ ನಾನು ಟಿಕ್ ನಂಬಲೋ, ಟೀ ನಂಬಲೋ?

ತಟ್ಟೆ ನಂಬರ್ 47:
ಆ 19 ಜನರಲ್ಲಿ ನಾನೂ ಒಬ್ಬ ಅಂದುಕೊಳ್ಳಿ. ನಾನು ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲಿನಲ್ಲಿದ್ದಾಗ ಹೀಗೇ ಒಬ್ಬರು ಫಾರಂ ಹಿಡಿದು ಬಂದಿದ್ದರು. ಊಟದ ಹಾಲ್‌ನಲ್ಲಿ ಕೂರಿಸಿದರು. ಬಾಗಿಲಲ್ಲಿ ವಾರ್ಡನ್ ನಿಂತಿದ್ದರು, ಫಾರಂ ವಾಪಸ್ ತಗೊಂಡಿದ್ದೂ ಅವರೇ. ಅಂಥ ಕಡೆ ‘ಹೌದು’ ಅಂತ ಬರೆಯೋಕೆ ನಮಗೇನು ಹುಚ್ಚಾ?

ಇನ್ನೊಂದು ಮಾತು. ನಮ್ಮ ಕ್ಲಾಸಿನಲ್ಲಿ ‘ನಿಂದು ಯಾವ ಜಾತಿ’ ಅಂತ ಯಾರೂ ಕೇಳುತ್ತಿರಲಿಲ್ಲ. ‘ಯಾವ ಹಾಸ್ಟೆಲ್?’ ಅಂತ ಕೇಳುತ್ತಿದ್ದರು. ಅಷ್ಟು ಸಾಕಲ್ವಾ! ಊರವರ ಬಾಯಲ್ಲಿ ನಮ್ಮದು ಎಸ್‌ಸಿ ಹಾಸ್ಟೆಲ್, ಇನ್ನೊಂದು ಬಿಸಿಎಂ ಹಾಸ್ಟೆಲ್. ಎರಡರಲ್ಲೂ ಬೇರೆ ವರ್ಗದವರಿಗೆ ಒಂದಿಷ್ಟು ಸೀಟು ಇರುತ್ತೆ, ಆದರೆ ಅದನ್ನು ಯಾರು ಲೆಕ್ಕಕ್ಕೆ ತಗೊಳ್ತಾರೆ. ನನ್ನ ರೂಮ್‌ಮೇಟ್ ಒಬ್ಬ ಹಿಂದುಳಿದ ವರ್ಗದವನು, ಕ್ಲಾಸಿನಲ್ಲಿ ನಾಲ್ಕನೇ ಮಾತಿಗೇ ‘ನಾನು ಎಸ್‌ಸಿ ಅಲ್ಲ, ಸೀಟು ಇಲ್ಲಿ ಸಿಕ್ಕಿತು ಅಷ್ಟೇ’ ಅನ್ನುತ್ತಿದ್ದ. ರಾತ್ರಿ ನನ್ನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ. ನಿಮ್ಮ 40 ಪ್ರಶ್ನೆಯಲ್ಲಿ ಇದು ಎಲ್ಲಿ ಬರುತ್ತೆ ಹೇಳಿ.

ತಟ್ಟೆಗಳನ್ನೂ ನೋಡಿ. ಸ್ಟೀಲ್ ತಟ್ಟೆ ಅದಲುಬದಲು ಆಗಬಾರದು ಅಂತ ಮೊಳೆಯಲ್ಲಿ ಗೀಚಿಕೊಳ್ಳುತ್ತಿದ್ದೆವು. ಒಬ್ಬ ಊರಿನ ಹೆಸರು, ಒಬ್ಬ ಹೀರೋ ಹೆಸರು, ಒಬ್ಬ ‘ಜೈ ಭೀಮ್’. ನಾನು ಬರೀ ನಂಬರ್. ಯಾಕೆ ಅಂತ ಇವತ್ತು ಕೇಳಿದರೆ ಒಂದು ಗಂಟೆ ಮಾತಾಡಬಲ್ಲೆ, ಆಗ ಯಾರೂ ಕೇಳಲಿಲ್ಲ.

ರಿಟೈರ್ಡ್ ಮೇಷ್ಟ್ರು:
47ನೇ ತಟ್ಟೆಯವರು ಹೇಳಿದ್ದರಲ್ಲೇ ಒಂದು ಅಧ್ಯಾಯ ಇದೆ. ನಮ್ಮಲ್ಲಿ ಹಾಸ್ಟೆಲ್ ಅಂದರೆ ಮೊದಲಿನಿಂದಲೂ ಬರೀ ಊಟ, ಹಾಸಿಗೆ ಅಲ್ಲ. 1897ರಲ್ಲಿ ಸಮಾಜ ಸುಧಾರಕ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳ ಶಿಕ್ಷಣಕ್ಕೆ ಅಂತ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಅನ್ನೋ ಸಂಸ್ಥೆ ಕಟ್ಟಿದರು. ಆಮೇಲೆ ಹಳೇ ಮೈಸೂರಿನಲ್ಲಿ ಜಾತಿ ಸಂಘಗಳು ಹುಟ್ಟಿದವು, ಒಕ್ಕಲಿಗರ ಸಂಘ 1906ರದ್ದು. ಮಕ್ಕಳನ್ನು ಪೇಟೆಗೆ ತಂದು ಓದಿಸೋಕೆ ಸಂಘಗಳು, ಮಠಗಳು ಹಾಸ್ಟೆಲ್ ಕಟ್ಟಿದವು. 1918ರಲ್ಲಿ ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ಮಾಡಿದ್ದೂ, ಸರ್ಕಾರಿ ನೌಕರಿಯೆಲ್ಲ ಬ್ರಾಹ್ಮಣರ ಕಡೆಯೇ ಸೇರಿದೆ ಅನ್ನೋ ದೂರು ಬಂದಿದ್ದಕ್ಕೇ. ಅಂದರೆ ಓದಿ ನೌಕರಿ ಹಿಡಿಯೋಕೆ ದಾರಿಯಾದ ಜಾತಿಯ ಹಾಸ್ಟೆಲ್ ಒಂದು ಕಾಲಕ್ಕೆ ಹೆಮ್ಮೆಯ ವಿಳಾಸ. ಯಾವ ಹಾಸ್ಟೆಲ್ ಹೆಸರನ್ನು ಜನ ಜೋರಾಗಿ ಹೇಳುತ್ತಾರೆ, ಯಾವುದನ್ನು ನುಂಗುತ್ತಾರೆ ಅನ್ನೋದನ್ನು ಹುಡುಕಿ.

ಡೈರಿ ದಿನಾ ಬರೆಯಿರಿ, ಬ್ಯಾಕಪ್ ಇಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಕಡೆಯ ಹಳ್ಳಿಯಲ್ಲಿ ಕೂತು ಮಾಡಿಕೊಂಡ ಟಿಪ್ಪಣಿಗಳನ್ನು ತಿದ್ದಿ ಜೋಡಿಸಿಟ್ಟಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೋಣೆಗೆ ಬೆಂಕಿ ಬಿದ್ದು ಸುಟ್ಟುಹೋದವು, ನೆನಪಿನಿಂದ ಪುಸ್ತಕ ಬರೆದರು. ನೀವು ಶ್ರೀನಿವಾಸ್ ಅಲ್ಲ, ಪೆನ್‌ಡ್ರೈವ್ ತಗೊಳ್ಳಿ.

ಡೇಟಾ ಭೂತ:
ಎಲ್ಲರೂ ಸೇರಿ ಪ್ರಶ್ನಾವಳಿಗೆ ಬೆಂಕಿ ಹಚ್ಚಬೇಡಿ ಮಾರಾಯ್ರೆ. ಎಷ್ಟು ಜನರ ಅಪ್ಪ ಅಮ್ಮ ಶಾಲೆ ಕಂಡಿಲ್ಲ, ಎಷ್ಟು ಜನ ಕನ್ನಡ ಮೀಡಿಯಂನಿಂದ ಬಂದು ಇಂಗ್ಲಿಷ್ ನೋಟ್ಸ್ ಎದುರು ಕೂತಿದ್ದಾರೆ, ಇದಕ್ಕೆಲ್ಲ ಎಣಿಕೆ ಬೇಕೇ ಬೇಕು. ತಪ್ಪಿರೋದು ಒಂದು ಪ್ರಶ್ನೆಯಲ್ಲಿ, ಅದನ್ನು ಕೇಳಿದ ಜಾಗದಲ್ಲಿ.

ಇನ್ನೂ ಎರಡು ಇದೆ, ಸ್ವಲ್ಪ ಖಾರ. ಟೀ ಕುಡಿಯುತ್ತಾ ಹೇಳಿದ್ದನ್ನು ಪ್ರಬಂಧಕ್ಕೆ ಹಾಕುವ ಮುಂಚೆ ಆ ಮೂವರನ್ನು ಕೇಳಿದಿರಾ? ಅವರು ಗೆಳೆಯನಿಗೆ ಹೇಳಿದ್ದು, ಸಂಶೋಧಕನಿಗಲ್ಲ. ಎರಡನೆಯದು, ಬಿಸಿಎಂ ಹಾಸ್ಟೆಲಿನಲ್ಲಿ ಇದ್ದ ಮಾತ್ರಕ್ಕೆ ಎಸ್‌ಸಿ ಹಾಸ್ಟೆಲ್ ಹುಡುಗರಿಗೆ ನೀವು ‘ನಮ್ಮವನು’ ಆಗಿಬಿಡಲ್ಲ. 47ರ ರೂಮ್‌ಮೇಟ್ ಕಥೆ ಇನ್ನೊಂದು ಸಲ ಓದಿ. ಹುಡುಗಿಯರ ಹಾಸ್ಟೆಲ್ ಯಾಕೆ ಬಿಟ್ಟಿರಿ ಅಂತ ಕೊನೆಯ ಮೌಖಿಕ ಪರೀಕ್ಷೆ ವೈವಾದಲ್ಲಿ ಕೇಳೇ ಕೇಳ್ತಾರೆ, ಉತ್ತರ ಈಗಲೇ ಯೋಚಿಸಿ.

ಕೊನೇ ಬೆಂಚು:
ಖಾರ ತಾಗಿತು. ಆ ಮೂವರನ್ನು ಕೇಳಿದೆ, ಇಬ್ಬರು ಬರಿ ಅಂದರು, ಒಬ್ಬ ಬೇಡ ಅಂದ, ಅವನದು ತೆಗೆದೆ. ಗೈಡ್ ಹತ್ತಿರ ಜಗಳ ಬೇಡ ಅಂತ ಪ್ರಶ್ನಾವಳಿ ಉಳಿಸಿಕೊಂಡು ಆ ಒಂದು ಪ್ರಶ್ನೆ ಬಿಟ್ಟಿದ್ದೇನೆ. ಬದಲಿಗೆ ನಿನ್ನೆ ಹಾಸ್ಟೆಲ್ ಕಾಂಪೌಂಡ್ ಆಚೆ ಒಬ್ಬೊಬ್ಬರನ್ನೇ ಕೇಳಿದೆ: ಕ್ಲಾಸಿನಲ್ಲಿ ಯಾರಾದರೂ ಯಾವ ಹಾಸ್ಟೆಲ್ ಅಂದರೆ ಏನು ಹೇಳ್ತೀಯಾ? ಮೊದಲನೇ ಹುಡುಗ ಚಪ್ಪಲಿ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, ‘ಬಸ್ ಸ್ಟ್ಯಾಂಡ್ ಹಿಂದುಗಡೆದು ಅಂತೀನಿ ಸರ್.’