‘ಪಿಚ್ ಕ್ವಾಂಟೈಸರ್’: ಇದಕ್ಕೆ ‘ಶ್ರುತಿ’ ಸೇರಿದ ಹೆಸರು ಸಲ್ಲುತ್ತದೆಯೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮಾಡ್ಯುಲರ್ ಸಿಂಥಸೈಸರ್ (ಬಿಡಿ ಘಟಕಗಳನ್ನು ಕೇಬಲ್‌ಗಳಿಂದ ಜೋಡಿಸಿ ನುಡಿಸುವ ವಿದ್ಯುನ್ಮಾನ ವಾದ್ಯ) ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಆಸಿಲೇಟರ್ (ನಾದ ಹುಟ್ಟಿಸುವ ಘಟಕ), ಫಿಲ್ಟರ್, ಸೀಕ್ವೆನ್ಸರ್ (ವೋಲ್ಟೇಜುಗಳನ್ನು ಸರದಿಯಂತೆ ಹೊರಡಿಸುವ ಘಟಕ) ಮೊದಲಾದ ಹೆಸರುಗಳನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ಬಳಸುವವರ ಬಾಯಲ್ಲಿ ಅವು ಆಗಲೇ ನೆಲೆಯೂರಿವೆ. ತೊಡಕಾಗಿರುವುದು ‘ಪಿಚ್ ಕ್ವಾಂಟೈಸರ್’ ಎಂಬ ಘಟಕ. ಕರಡು ಓದಿದ ಸಂಗೀತಗಾರರೊಬ್ಬರು ಅದನ್ನು ‘ಶ್ರುತಿಶೋಧಕ’ ಎಂದು ಕರೆಯಲು ಸೂಚಿಸಿದರು. ಇನ್ನೊಬ್ಬರು ‘ಶ್ರುತಿ ಸರಿಪಡಿಸುವ ಘಟಕ’ ಎಂದು ತಿದ್ದಿದರು. ಪಿಚ್ ಎಂದರೆ ಶ್ರುತಿ ಎಂಬುದು ನಮ್ಮಲ್ಲಿ ನಿಂತುಹೋದ ಬಳಕೆಯಾದ್ದರಿಂದ ಇಬ್ಬರೂ ಹಾಗೆ ಯೋಚಿಸಿದ್ದು ಸಹಜವೇ. ಆದರೆ ಈ ಘಟಕಕ್ಕೆ ಆ ಪದ ಹೊಂದುವುದಿಲ್ಲ, ಕಲಿಯುವವರ ದಾರಿಯನ್ನೂ ತಪ್ಪಿಸುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ದಯವಿಟ್ಟು ತೂಗಿ ನೋಡಿ.

ಮೊದಲು ಘಟಕದ ಕೆಲಸ. ಈ ಯಂತ್ರಗಳಲ್ಲಿ ನಾದದ ಏರಿಳಿತವನ್ನು ಆಳುವುದು ವೋಲ್ಟೇಜ್. ಸಿಂಥಸೈಸರ್ ತಯಾರಕ ರಾಬರ್ಟ್ ಮೂಗ್ 1960ರ ದಶಕದಲ್ಲಿ ರೂಢಿಗೆ ತಂದ ಲೆಕ್ಕದ ಪ್ರಕಾರ ಒಂದು ವೋಲ್ಟ್ ಏರಿದರೆ ನಾದ ಒಂದು ಸ್ಥಾಯಿ ಮೇಲೇರುತ್ತದೆ. 1990ರ ದಶಕದ ನಡುವಿನಲ್ಲಿ ಡೀಟರ್ ಡೋಪ್‌ಫರ್ ಆರಂಭಿಸಿದ, ಇಂದು ಎಲ್ಲೆಡೆ ಕಾಣುವ ಯೂರೋರ‍್ಯಾಕ್ ಮಾದರಿಯೂ ಇದೇ ಲೆಕ್ಕವನ್ನು ಉಳಿಸಿಕೊಂಡಿದೆ. ಸ್ಥಾಯಿಗೆ 12 ಸ್ವರಸ್ಥಾನಗಳು. ಹಾಗಾಗಿ ಒಂದರಿಂದ ಮುಂದಿನದಕ್ಕೆ 1/12 ವೋಲ್ಟ್, ಅಂದರೆ ಸುಮಾರು 83.3 ಮಿಲಿವೋಲ್ಟ್. (ಬುಕ್ಲಾ ಯಂತ್ರಗಳ 200 ಸರಣಿಯಲ್ಲಿ ಸ್ಥಾಯಿಗೆ 1.2 ವೋಲ್ಟ್, ಸ್ವರಸ್ಥಾನಕ್ಕೆ ಸರಿಯಾಗಿ 0.1 ವೋಲ್ಟ್. ಲೆಕ್ಕಕ್ಕೆ ಅದೇ ಹಗುರ, ಆದರೆ ಗೆದ್ದದ್ದು ಮೂಗ್ ಪದ್ಧತಿ.)

ವೋಲ್ಟೇಜ್ ಮಾತ್ರ ಎಲ್ಲಿ ಬೇಕಾದರೂ ನಿಲ್ಲಬಲ್ಲದು. ಸೀಕ್ವೆನ್ಸರಿನ ಗುಂಡಿಗಳನ್ನು ಕೈಯಂದಾಜಿನಲ್ಲಿ ತಿರುಗಿಸಿದರೆ, ಇಲ್ಲವೇ ಗೊತ್ತುಗುರಿಯಿಲ್ಲದೆ ಹುಟ್ಟುವ ವೋಲ್ಟೇಜನ್ನು ನೇರವಾಗಿ ಆಸಿಲೇಟರಿಗೆ ಕೊಟ್ಟರೆ, ಬರುವುದು ಬಹುಪಾಲು ಅಪಸ್ವರವೇ. ಕ್ವಾಂಟೈಸರ್ ಇವೆರಡರ ನಡುವೆ ನಿಲ್ಲುತ್ತದೆ. ಒಳಬಂದ ವೋಲ್ಟೇಜನ್ನು ಅಳೆದು, ಅದಕ್ಕೆ ಅತಿ ಹತ್ತಿರದ ಸ್ವರಸ್ಥಾನದ ವೋಲ್ಟೇಜನ್ನು ಹೊರಗೆ ಕೊಡುತ್ತದೆ.

ಒಂದು ಲೆಕ್ಕ ನೋಡೋಣ. 0 ವೋಲ್ಟನ್ನು ಷಡ್ಜ ಎಂದಿಟ್ಟುಕೊಂಡು 0.40 ವೋಲ್ಟ್ ಒಳಗೆ ಕೊಡುತ್ತೇವೆ. ಹನ್ನೆರಡೂ ಸ್ವರಸ್ಥಾನಗಳನ್ನು ತೆರೆದಿಟ್ಟಿದ್ದರೆ ಹತ್ತಿರದ್ದು 0.417 ವೋಲ್ಟ್, ಅಂದರೆ ಶುದ್ಧ ಮಧ್ಯಮ. ಈಗ ಮೋಹನ ರಾಗದ ಐದು ಸ್ವರಗಳನ್ನಷ್ಟೇ ತೆರೆದಿಡಿ: ಷಡ್ಜ 0, ಚತುಶ್ಶ್ರುತಿ ರಿಷಭ 0.167, ಅಂತರ ಗಾಂಧಾರ 0.333, ಪಂಚಮ 0.583, ಚತುಶ್ಶ್ರುತಿ ಧೈವತ 0.75. ಅದೇ 0.40 ಈಗ ಗಾಂಧಾರದಲ್ಲಿ ಕೂರುತ್ತದೆ, ಏಕೆಂದರೆ ಮಧ್ಯಮ ಮುಚ್ಚಿದೆ, ಪಂಚಮ ದೂರವಿದೆ. ಕೈಪಿಡಿಯ ಓದುಗರು ಈ ಒಂದು ಲೆಕ್ಕವನ್ನು ಕೈಯಾರೆ ಮಾಡಿ ನೋಡಿದರೆ ಘಟಕ ಅರ್ಥವಾದಂತೆಯೇ.

ಇನ್ನು ಶ್ರುತಿಯ ವಿಚಾರ. ಮೇಲಿನ ಐದು ಸ್ವರಸ್ಥಾನಗಳನ್ನು ಹಾಗೆಯೇ ಇಟ್ಟುಕೊಳ್ಳಿ. ಇನ್ನೊಂದು ಆಸಿಲೇಟರನ್ನು ತಂಬೂರಿಯಂತೆ ಒಂದೇ ನಾದಕ್ಕೆ ನಿಲ್ಲಿಸಿ. ಆ ನಾದ ಮೋಹನದ ಷಡ್ಜವಾಗಿದ್ದರೆ ಕೇಳುವುದು ಮೋಹನದ ಸ್ವರಗಳು. ಅದನ್ನು ಮೋಹನದ ರಿಷಭಕ್ಕೆ ಸರಿಸಿ: ಕಿವಿಗೆ ಮಧ್ಯಮಾವತಿ. ಗಾಂಧಾರಕ್ಕೆ ಸರಿಸಿ: ಹಿಂದೋಳ. ನಮ್ಮವರು ಗ್ರಹಭೇದ ಎನ್ನುವುದು ಇದನ್ನೇ. ಇಷ್ಟೆಲ್ಲ ಬದಲಾದರೂ ಕ್ವಾಂಟೈಸರಿನಲ್ಲಿ ಒಂದು ಗುಂಡಿಯೂ ಅಲುಗಿರುವುದಿಲ್ಲ. ಆಧಾರ ಶ್ರುತಿ ಯಾವುದು ಎಂಬುದು ಅದಕ್ಕೆ ಗೊತ್ತೇ ಇಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಶ್ರುತಿಯ ಅರಿವಿಲ್ಲದ ಘಟಕವನ್ನು ಶ್ರುತಿಶೋಧಕ ಎಂದು ಹೇಗೆ ಕರೆಯುವುದು?

ಗೊಂದಲ ಇಲ್ಲಿಗೇ ಮುಗಿಯುವುದಿಲ್ಲ. ಹಲವು ಕ್ವಾಂಟೈಸರುಗಳಲ್ಲಿ ಸ್ವರಗಳನ್ನೆಲ್ಲ ಒಟ್ಟಾಗಿ ಮೇಲಕ್ಕೋ ಕೆಳಕ್ಕೋ ಸರಿಸುವ ಪ್ರತ್ಯೇಕ ಗುಂಡಿ ಇರುತ್ತದೆ. ಇಲ್ಲದಿದ್ದರೂ ಕ್ವಾಂಟೈಸರ್ ದಾಟಿದ ಮೇಲೆ ಒಂದು ನಿಶ್ಚಿತ ವೋಲ್ಟೇಜನ್ನು ಕೂಡಿಸಿ ಅದೇ ಪರಿಣಾಮ ಪಡೆಯಬಹುದು. ಕೀರ್ತನೆ ಹಾಡುವವರು ‘ಶ್ರುತಿ ಅರ್ಧ ಮನೆ ಏರಿಸಿ’ ಎಂದಾಗ, ಯಕ್ಷಗಾನದ ಭಾಗವತರು ‘ಕಪ್ಪು ಎರಡು’, ‘ಬಿಳಿ ಮೂರು’ ಎಂದು ಹೇಳಿದಾಗ ಸೂಚಿಸುವುದು ಈ ಒಟ್ಟು ಸರಿಸುವಿಕೆಯನ್ನು. ಶ್ರುತಿ ಎಂಬ ಪದಕ್ಕೆ ಇಲ್ಲಿ ತಾನೇ ತಾನಾಗಿ ಜಾಗ ಒದಗಿದೆ. ಅದನ್ನು ಘಟಕದ ಹೆಸರಿಗೆ ಕೊಟ್ಟುಬಿಟ್ಟರೆ ಈ ಗುಂಡಿಯನ್ನು ಏನೆಂದು ಕರೆಯುವುದು?

ಶುದ್ಧತೆಯ ದೃಷ್ಟಿಯಿಂದಲೂ ‘ಶ್ರುತಿ ಸರಿಪಡಿಸುವ’ ಎಂಬ ಮಾತು ನಿಲ್ಲುವುದಿಲ್ಲ. ಹನ್ನೆರಡು ಸಮಭಾಗದ ಲೆಕ್ಕದಲ್ಲಿ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ (ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ 100 ಸೆಂಟ್) ಮೇಲಿರುತ್ತದೆ. ತಂಬೂರಿಯ ಮಂದ್ರ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರ, 5:4ರ ಅನುಪಾತದ್ದು, ಸುಮಾರು 386 ಸೆಂಟ್. ವೋಲ್ಟೇಜಿನಲ್ಲಿ ಹೇಳುವುದಾದರೆ 0.333ರ ಬದಲು 0.322. ಜೀವಾಳಿ (ನಾದ ಝೇಂಕರಿಸಲು ತಂತಿಯಡಿ ಇಡುವ ನೂಲು) ಸರಿಯಾಗಿ ಕೂಡಿದ ತಂಬೂರಿಯ ಪಕ್ಕದಲ್ಲಿ ಇದನ್ನು ನುಡಿಸಿದರೆ ಗಾಂಧಾರ ಸ್ವಲ್ಪ ಏರಿದ್ದು ಯಾರಿಗಾದರೂ ಕೇಳಿಸುತ್ತದೆ. ಹೀಗಿರುವಾಗ ಶ್ರುತಿ ಸರಿಯಾಯಿತು ಎಂದು ಕಲಿಯುವವರಿಗೆ ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಬೇರೆ ಲೆಕ್ಕ ಸಾಧ್ಯವಿಲ್ಲವೆಂದಲ್ಲ. ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್‌ನ ಬ್ರೇಡ್ಸ್ ಎಂಬ ಆಸಿಲೇಟರಿನ ಒಳಗಿರುವ ಕ್ವಾಂಟೈಸರಿನಲ್ಲಿ ಭೈರವ, ಮಾರ್ವಾ, ಯಮನ್ ಹೆಸರಿನ ಸ್ವರಪಟ್ಟಿಗಳೇ ಇವೆ, ಅವುಗಳ ಅಂತರಗಳೂ ಹನ್ನೆರಡು ಸಮಭಾಗದವಲ್ಲ.

ಆ ಪಟ್ಟಿಗಳ ಹೆಸರು ನೋಡಿ ಇನ್ನೊಂದು ಪದ ನುಸುಳುವ ಅಪಾಯವಿದೆ: ‘ರಾಗ’. ಸ್ಕೇಲ್ ಎಂಬಲ್ಲೆಲ್ಲ ರಾಗ ಎಂದು ಬರೆಯುವ ಅಭ್ಯಾಸವನ್ನು ಈ ಕೈಪಿಡಿಯಲ್ಲಿ ಖಂಡಿತ ಬಿಡಬೇಕೆಂದಿದ್ದೇನೆ. ಕ್ವಾಂಟೈಸರಿಗೆ ಆರೋಹಣ, ಅವರೋಹಣ ಎಂಬ ಭೇದ ತಿಳಿಯದು. ಬಿಲಹರಿಯಲ್ಲಿ ಏರುವಾಗ ಮಧ್ಯಮ, ನಿಷಾದಗಳಿಲ್ಲ, ಇಳಿಯುವಾಗ ಇವೆ. ಒಂದೇ ಪಟ್ಟಿ ಹಾಕಿಕೊಟ್ಟರೆ ಘಟಕ ಎರಡೂ ಕಡೆ ಒಂದೇ ತರಹ ವರ್ತಿಸುತ್ತದೆ. ನ್ಯಾಸ ಸ್ವರ (ಪದಗುಚ್ಛ ಬಂದು ನಿಲ್ಲುವ ಸ್ವರ), ಜೀವ ಸ್ವರ (ರಾಗಕ್ಕೆ ಜೀವ ತುಂಬುವ ಸ್ವರ) ಎಂಬುದೂ ಇಲ್ಲ. ಗೊತ್ತುಗುರಿಯಿಲ್ಲದ ವೋಲ್ಟೇಜನ್ನು ಸ್ಥಾಯಿಯುದ್ದಕ್ಕೂ ಸಮನಾಗಿ ಹರಡಿ ಮೋಹನದ ಪಟ್ಟಿಗೆ ಕೊಟ್ಟರೆ ರಿಷಭ ಉಳಿದ ನಾಲ್ಕಕ್ಕಿಂತ ಕಡಿಮೆ ಸಲ ಬರುತ್ತದೆ. ರಿಷಭದ ಎರಡೂ ಬದಿಯ ನೆರೆಯವರು ಹತ್ತಿರವಿರುವುದರಿಂದ ಅದರ ಪಾಲಿನ ಜಾಗ ಕಿರಿದು, ಅಷ್ಟೇ. ಅಲ್ಲಿ ಸ್ವರದ ತೂಕ ನಿರ್ಧರಿಸುವುದು ರಾಗದ ಲಕ್ಷಣವಲ್ಲ, ಅಂತರದ ಗಣಿತ. ತೋಡಿಯ ಸಾಧಾರಣ ಗಾಂಧಾರವನ್ನಂತೂ ಕಂಪಿತವಿಲ್ಲದೆ ನೆಟ್ಟಗೆ ನಿಲ್ಲಿಸಿದರೆ ತೋಡಿಯೇ ಉಳಿಯುವುದಿಲ್ಲ. ಆದ್ದರಿಂದ ಸ್ಕೇಲಿಗೆ ‘ಸ್ವರಗಣ’ ಎಂದು ಬಳಸುತ್ತಿದ್ದೇನೆ. ‘ಸ್ವರಶ್ರೇಣಿ’ಯೂ ಕೇಳಲು ಚೆನ್ನಾಗಿದೆ, ಆದರೆ ಶ್ರೇಣಿ ಎಂದ ಕೂಡಲೇ ಕ್ರಮ ಬರುತ್ತದೆ, ಇಲ್ಲಿ ಕ್ರಮವಿಲ್ಲ, ಯಾವ ಯಾವ ಸ್ವರಕ್ಕೆ ಪ್ರವೇಶವಿದೆ ಎಂಬುದು ಮಾತ್ರ ಇದೆ.

ಘಟಕದ ಹೆಸರಿಗೆ ಮರಳುತ್ತೇನೆ. ವಿಜ್ಞಾನ ಬರಹಗಳಲ್ಲಿ ‘ಕ್ವಾಂಟೀಕರಣ’ ಇದೆ. ಅದನ್ನು ಹಿಡಿದು ‘ಸ್ವರ ಕ್ವಾಂಟೀಕಾರಕ’ ಎಂದರೆ ವ್ಯಾಕರಣಕ್ಕೆ ದೋಷವಿಲ್ಲ. ಆದರೆ ಕಾರ್ಯಾಗಾರದಲ್ಲಿ ಕೇಬಲ್ ಹಿಡಿದು ನಿಂತವರು ಹಾಗೆ ಹೇಳುತ್ತಾರೆಂದು ನಾನು ನಂಬುವುದಿಲ್ಲ. ಹೆಸರಿಗೆ ಮೊದಲು ಕ್ರಿಯಾಪದವನ್ನು ಹುಡುಕುವುದು ಒಳ್ಳೆಯದು ಅನ್ನಿಸಿತು, ಏಕೆಂದರೆ ದಿನವಿಡೀ ಬಾಯಿಗೆ ಬರುವುದು ಕ್ರಿಯಾಪದವೇ. ನಮ್ಮಲ್ಲಿ ‘ಪದ್ಯವನ್ನು ಛಂದಸ್ಸಿಗೆ ಕೂರಿಸು’, ‘ಸಾಹಿತ್ಯವನ್ನು ಮಟ್ಟಿಗೆ ಕೂರಿಸು’, ‘ಸಾಲು ತಾಳಕ್ಕೆ ಕೂರಲಿಲ್ಲ’ ಎಂಬ ಮಾತುಗಳಿವೆ. ಅಲ್ಲಲ್ಲಿ ಚಾಚಿಕೊಂಡಿರುವುದನ್ನು ಮೊದಲೇ ಗೊತ್ತಾದ ನೆಲೆಗಳಿಗೆ ತರುವುದು ಎಂಬ ಅರ್ಥ ‘ಕೂರಿಸು’ ಪದದಲ್ಲಿ ಆಗಲೇ ಇದೆ. ಹಾಗಾಗಿ ‘ವೋಲ್ಟೇಜನ್ನು ಸ್ವರಕ್ಕೆ ಕೂರಿಸು’ ಎಂದು ಬರೆಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಧ್ವನಿಮುದ್ರಣ ಮಾಡುವವರು ಹಿಂದೆಮುಂದಾದ ಪೆಟ್ಟುಗಳನ್ನು ಕ್ವಾಂಟೈಸ್ ಮಾಡುವುದಕ್ಕೂ ‘ತಾಳಕ್ಕೆ ಕೂರಿಸು’ ಎಂದರೆ ಸಲೀಸಾಗಿ ಹೊಂದುತ್ತದೆ. ಧಾರವಾಡದ ಕಡೆಯವರು ‘ಕೂಡ್ರಿಸು’ ಎನ್ನಬಹುದು, ಅಭ್ಯಂತರವಿಲ್ಲ.

ಈ ಕ್ರಿಯಾಪದ ಸಿಕ್ಕ ಮೇಲೆ ಕೈಪಿಡಿಯ ಬಹಳ ಕಷ್ಟದ ಭಾಗವೊಂದು ಸುಲಭವಾಯಿತು. ಕೇಬಲ್ ಚುಚ್ಚುವ ಕ್ರಮ ಬದಲಾದರೆ ಫಲ ಬದಲಾಗುತ್ತದೆ ಎಂದು ಹೇಳಬೇಕಿತ್ತು. ನಿಧಾನವಾಗಿ ತೂಗುವ ವೋಲ್ಟೇಜನ್ನು ಸ್ವರಕ್ಕೆ ಕೂರಿಸುವ ಮುನ್ನ ಬೆರೆಸಿದರೆ, ತೂಗಾಟದ ಹರವು ಸಾಕಷ್ಟಿದ್ದಾಗ, ನಾದ ಅಕ್ಕಪಕ್ಕದ ಎರಡು ಸ್ವರಗಳ ನಡುವೆ ಜಿಗಿಯುತ್ತದೆ. ನಡುವಿನ ದಾರಿ ಕೇಳಿಸುವುದಿಲ್ಲ. ಕೂರಿಸಿದ ಮೇಲೆ ಬೆರೆಸಿದರೆ ಸ್ವರದ ಸುತ್ತ ಕಂಪಿತ ಹುಟ್ಟುತ್ತದೆ. ವೋಲ್ಟೇಜಿನ ಬದಲಾವಣೆಯನ್ನು ನಿಧಾನಿಸುವ ಸ್ಲ್ಯೂ ಘಟಕದ ಮಾತೂ ಹಾಗೆಯೇ. ಕೂರಿಸಿದ ಮೇಲೆ ಅದನ್ನು ಇಟ್ಟರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರು ಬರುತ್ತದೆ, ಮುನ್ನ ಇಟ್ಟರೆ ಜಾರು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ವೈಣಿಕರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ವೀಣೆಯ 24 ಮೆಟ್ಟಿಲುಗಳು ತಂತಿಯ ಉದ್ದವನ್ನು ಸ್ವರಸ್ಥಾನಗಳಿಗೆ ಕೂರಿಸುತ್ತವೆ. ಆಮೇಲೆ ಎಡಗೈ ಬೆರಳು ಅದೇ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು ಗಮಕ ಕೊಡುತ್ತದೆ. ಮೊದಲು ಕೂರಿಸುವುದು, ನಂತರ ಎಳೆಯುವುದು. ಗಮಕ ಬೇಕೆನ್ನುವವರು ಕ್ವಾಂಟೈಸರನ್ನು ಬೈಯಬೇಕಾಗಿಲ್ಲ, ಅದರ ಆಚೆ ಬದಿಯಲ್ಲಿ ಕೆಲಸ ಮಾಡಿದರೆ ಆಯಿತು.

ಹಾಗಾದರೆ ಹೆಸರು? ‘ಸ್ವರಸ್ಥಾಪಕ’ ಎಂಬುದು ಸದ್ಯ ನನ್ನ ಆಯ್ಕೆ. ಸ್ವರಸ್ಥಾನ ಎಂಬ ಬಲ್ಲ ಪದದ ನೆರಳು ಅದರಲ್ಲಿದೆ, ಶ್ರುತಿಯ ಹಂಗಿಲ್ಲ. ಆದರೆ ‘ಸ್ಥಾಪಕ’ ಎಂದರೆ ಸಂಸ್ಥೆ ಕಟ್ಟಿದವರು ನೆನಪಾಗುತ್ತಾರೆ ಎಂಬ ಆಕ್ಷೇಪ ಬಂದಿದೆ, ಅದು ತಳ್ಳಿಹಾಕುವ ಮಾತಲ್ಲ. ‘ಸ್ವರಗೂಡು’, ‘ಸ್ವರಬಂಧಕ’ ಎಂದೂ ಕೆಲವರು ಸೂಚಿಸಿದ್ದಾರೆ. ಬಂಧಕ ಎಂದರೆ ಬಿಡುಗಡೆಯಿಲ್ಲವೆಂದಾಯಿತು. ಈಗಷ್ಟೇ ಹೇಳಿದ ಕಂಪಿತ, ಜಾರುಗಳಿಗೆ ಅದು ಎದುರಾಗುತ್ತದೆ. ಇನ್ನೊಂದು ದಾರಿಯೂ ಇದೆ. ಹಾರ್ಮೋನಿಯಂ ನುಡಿಸುವವರು ಕೀಲಿಗೆ ‘ಮನೆ’ ಎನ್ನುತ್ತಾರಲ್ಲ, ಅದನ್ನು ಹಿಡಿದು ‘ಹತ್ತಿರದ ಮನೆಗೆ ಸೇರಿಸುತ್ತದೆ’ ಎಂದು ವಿವರಣೆಯಲ್ಲಿ ಬರೆದು, ಘಟಕದ ಹೆಸರನ್ನು ಕ್ವಾಂಟೈಸರ್ ಎಂದೇ ಬಿಡುವುದು. ಫಲಕದ ಮೇಲೆ ಅಚ್ಚಾಗಿರುವುದೂ ಅದೇ ಹೆಸರು, ಅಂಗಡಿಯಲ್ಲಿ ಕೇಳಬೇಕಾದದ್ದೂ ಅದೇ.

ಜೊತೆಗೆ ಒಂದು ಉಪಪ್ರಶ್ನೆ. ಒಳಬರುವ ವೋಲ್ಟೇಜ್ ಎರಡು ಸ್ವರಗಳ ಸರಿನಡುವೆ ಬಂದು ನಿಂತರೆ, ಮೋಹನದ ಪಟ್ಟಿಯಲ್ಲಿ ಗಾಂಧಾರ ಮತ್ತು ಪಂಚಮಗಳ ನಡುವಿನ 0.458ರ ಸುತ್ತ ಎಂದಿಟ್ಟುಕೊಳ್ಳಿ, ಕೂದಲೆಳೆಯಷ್ಟು ಅಲುಗಾಟಕ್ಕೂ ಹೊರಗಿನ ಸ್ವರ ಗ-ಪ-ಗ-ಪ ಎಂದು ತತ್ತರಿಸುತ್ತದೆ. ಅದನ್ನು ತಡೆಯಲು, ಒಮ್ಮೆ ಹಿಡಿದ ಸ್ವರವನ್ನು ಗಡಿಯಿಂದ ತುಸು ಆಚೆ ಹೋಗುವವರೆಗೂ ಬಿಡದಂತೆ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಹಿಸ್ಟರಿಸಿಸ್. ನಾನು ‘ಪಟ್ಟು’ ಎಂದು ಬರೆದಿದ್ದೇನೆ: ‘ಸ್ವರ ಸುಲಭಕ್ಕೆ ಪಟ್ಟು ಬಿಡದು’, ‘ಪಟ್ಟು ಹೆಚ್ಚಿಸಿದರೆ ತತ್ತರ ನಿಲ್ಲುತ್ತದೆ’. ಭೌತವಿಜ್ಞಾನದ ಪಾಠ ಹೇಳುವವರು ಇದನ್ನು ಒಪ್ಪುತ್ತಾರೆಯೇ? ಲೋಹದ ಕಾಂತೀಯತೆಯ ಪಾಠದಲ್ಲಿ ಬರುವ ಅದೇ ಪರಿಕಲ್ಪನೆಗೆ ತರಗತಿಯಲ್ಲಿ ಬೇರೆ ಕನ್ನಡ ಪದ ಬಳಸುತ್ತಿದ್ದರೆ ತಿಳಿಸಿ, ಅದನ್ನೇ ತೆಗೆದುಕೊಳ್ಳುತ್ತೇನೆ.

ಮುಖ್ಯವಾಗಿ ಮೂರು ಕಡೆಯವರಿಂದ ಉತ್ತರ ಬೇಕಾಗಿದೆ. ಕರ್ನಾಟಕ ಸಂಗೀತ ಕಲಿಸುವವರು, ಶಿಷ್ಯರ ಕಂಠ ಸರಿಯಾದ ಸ್ವರಸ್ಥಾನಕ್ಕೆ ಬಾರದಿದ್ದಾಗ ನೀವು ಬಳಸುವ ಮಾತು ಯಾವುದು? ‘ಸ್ವರ ಹಿಡಿ’, ‘ಸ್ವರ ನಿಲ್ಲಿಸು’ ಇವೆರಡು ನನಗೆ ಗೊತ್ತಿವೆ. ಹುಬ್ಬಳ್ಳಿ-ಧಾರವಾಡದ ಹಿಂದೂಸ್ತಾನಿ ಪರಂಪರೆಯವರು, ‘ಸುರ ಹಚ್ಚು’ ಎಂಬುದು ಇದೇ ಅರ್ಥದಲ್ಲಿ ಬರುತ್ತದೆಯೇ, ಅಥವಾ ಅದು ಹಾಡಲು ತೊಡಗುವುದನ್ನಷ್ಟೇ ಹೇಳುತ್ತದೆಯೇ? ಹಾಗೆಯೇ ವೀಣೆ ಕಟ್ಟುವವರ ಒಡನಾಟವಿರುವವರು, ಮೇಣದ ಮೇಲೆ ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಇಡುವ ಆ ಕೆಲಸಕ್ಕೆ ಅವರಲ್ಲಿ ಇರುವ ಹೆಸರನ್ನು ಕೇಳಿ ಬರೆದರೆ ದೊಡ್ಡ ಉಪಕಾರ. ಅದು ಕ್ವಾಂಟೈಸರಿಗೆ ಒಪ್ಪಬಹುದೆಂಬ ಆಸೆ ನನಗಿದೆ.

ಕೈಪಿಡಿಯ ಆ ಅಧ್ಯಾಯವನ್ನು ಸದ್ಯಕ್ಕೆ ‘ಕ್ವಾಂಟೈಸರ್: ವೋಲ್ಟೇಜನ್ನು ಸ್ವರಕ್ಕೆ ಕೂರಿಸುವುದು’ ಎಂಬ ತಲೆಬರಹದಲ್ಲಿ ಇಟ್ಟಿದ್ದೇನೆ. ನಿಮ್ಮ ಉತ್ತರಗಳನ್ನು ನೋಡಿಕೊಂಡು ಅಚ್ಚಿಗೆ ಕಳುಹಿಸುತ್ತೇನೆ.