ಡಿಸ್ಕ್ ‘ಸುಡೋದಾ’, ‘ಬರೆಯೋದಾ’, ‘ಬರೆ ಹಾಕೋದಾ’? ಜೊತೆಗೆ ‘ಖಾಲಿ’, ‘ಮುಚ್ಚು’, ‘ಹೊಂದಾಣಿಕೆ’

ಎಲ್ಲರಿಗೂ ನಮಸ್ಕಾರ,

ಪ್ರಶ್ನೆ ಸಣ್ಣದು, ಕತೆ ಸ್ವಲ್ಪ ಉದ್ದ, ಸಹಿಸ್ಕೊಳ್ಳಿ. ನಮ್ಮ ಚಿಕ್ಕಪ್ಪ ಹಳೇ ಟೇಪುಗಳಲ್ಲಿದ್ದ ಮನೆಯವರ ವಿಡಿಯೋಗಳನ್ನೆಲ್ಲ ಕಂಪ್ಯೂಟರಿಗೆ ಹಾಕ್ಕೊಂಡು ಅಲ್ಲಿಂದ ಡಿವಿಡಿಗೆ ಇಳಿಸ್ತಾ ಇದಾರೆ. ಕಂಪ್ಯೂಟರಲ್ಲಿ ಚೆನ್ನಾಗಿ ಓಡೋ ಡಿಸ್ಕು, ಟೀವಿ ಕೆಳಗಿರೋ ಹಳೇ ಪ್ಲೇಯರಿಗೆ ಹಾಕಿದ್ರೆ ಒಳಗೆ ನಾಲ್ಕು ಸಲ ಟಕ್ ಟಕ್ ಅಂದು, ಸುತ್ತಿ, ನಿಂತು, ‘ನೋ ಡಿಸ್ಕ್’ ಅಂತ ತೋರಿಸತ್ತೆ. ನನಗೆ ಫೋನ್ ಬಂತು. ಇಂಗ್ಲಿಷ್ ಪದ ಬೇಡ, ಡಿಸ್ಕಿಗೆ ತುಂಬೋ ‘ಬರ್ನ್’ಗೆ ‘ಸುಡು’, ಕೊನೆಗೆ ಮುಗಿಸೋ ‘ಫೈನಲೈಸ್’ಗೆ ‘ಮುಚ್ಚು’ ಅಂತ ಕನ್ನಡದಲ್ಲೇ ಬಿಡಿಸಿ ಕೇಳೋಣ ಅಂತ ನಾನು ಜಾಣತನ ಮಾಡಿದೆ.

“ಡಿಸ್ಕ್ ಸುಟ್ಟ ಮೇಲೆ ಮುಚ್ಚಿದ್ರಾ ಚಿಕ್ಕಪ್ಪ?”

“ಯಾವ್ದಯ್ಯಾ ಸುಟ್ಟಿದ್ದು? ಎಲ್ಲಾ ಚೆನ್ನಾಗೇ ಇದೆ. ಮುಚ್ಚೋದೇನು, ಡಬ್ಬಿಗೆ ಹಾಕಿ ಮುಚ್ಚೇ ಇಟ್ಟಿದೀನಿ, ಒಂದು ಚೂರು ಧೂಳು ಕೂತಿಲ್ಲ.”

ಅಲ್ಲಿಗೆ ನನ್ನ ಕನ್ನಡ ಮುಗೀತು. ಅವರಿಗೆ ಒಂದು ಪುಟದ ಚೀಟಿ ಬರೆದುಕೊಡೋಣ ಅಂತ ಕೂತಿದೀನಿ, ಪ್ರತಿ ಸಾಲಲ್ಲೂ ಪದ ಕೈ ಕೊಡ್ತಾ ಇದೆ, ಅದಕ್ಕೇ ಇಲ್ಲಿ ಕೇಳ್ತಿರೋದು.

ಮೊದಲು ‘ಸುಡು’. ನಮ್ಮಲ್ಲಿ ಬಲ್ಬ್ ಸುಟ್ಟೋಯ್ತು, ಮೋಟಾರ್ ಸುಟ್ಟೋಯ್ತು ಅಂದ್ರೆ ಆ ವಸ್ತು ಕೆಟ್ಟು ಮೂಲೆ ಸೇರಿತು ಅಂತಲೇ ಅರ್ಥ. ಹಾಗಾಗಿ ಸುಟ್ಟ ಡಿಸ್ಕು ಅಂದ್ರೆ ಕೇಳಿದವರ ಮನಸ್ಸಿಗೆ ಬರೋದು ಎಸೆಯೋ ಡಿಸ್ಕು. ‘ಬರೆಯೋದು’ ಅಂದ್ರೆ ಸರಿಹೋಗತ್ತೆ, ಆದ್ರೆ ಅವರು ಸ್ಕೆಚ್ ಪೆನ್ನಲ್ಲಿ ಮೇಲೆ ಹೆಸರು ಬರೆಯೋದನ್ನೂ ಹಾಗೇ ಹೇಳ್ತಾರಲ್ಲ. ಹಿಂಗೇ ಯೋಚಿಸ್ತಾ ಇದ್ದಾಗ ಹೊಳೀತು, ‘ಬರೆ’ ಅನ್ನೋ ಒಂದೇ ಪದದಲ್ಲಿ ಎರಡೂ ಇದೆ! ಬರೆಯೋದೂ ಬರೆ, ಕಾದ ಕಬ್ಬಿಣದಲ್ಲಿ ಎಳೆಯೋದೂ ಬರೆ. ಗಾಯದ ಮೇಲೆ ಬರೆ ಅನ್ನೋದು ಎಲ್ಲರಿಗೂ ಗೊತ್ತು. ತಮಿಳಿನ ‘ವರೈ’ ಕೂಡ ಗೆರೆ ಎಳೆ, ಚಿತ್ರ ಬರೆ ಅನ್ನೋ ಅರ್ಥದ್ದೇ, ಹಂಗಾಗಿ ಗೆರೆ ಎಳೆಯೋದೇ ಎರಡಕ್ಕೂ ಬುಡ ಇರಬೇಕು ಅಂತ ನನ್ನ ಅಂದಾಜು. ಡಿಸ್ಕಲ್ಲಿ ಆಗೋದೂ ಅದೇ ತಾನೆ, ಲೇಸರ್ ಕಿರಣ ಬಣ್ಣದ ಪದರವನ್ನ ಅಲ್ಲಲ್ಲಿ ಕಾಯಿಸಿ ಗುರುತು ಮಾಡತ್ತೆ, ಆ ಗುರುತು ಬಿದ್ದ ಕಡೆ ಬೆಳಕು ಕಮ್ಮಿ ವಾಪಸ್ ಬರತ್ತೆ, ಪ್ಲೇಯರ್ ಓದೋದು ಆ ವ್ಯತ್ಯಾಸಾನ. ಉರಿಯೂ ಇಲ್ಲ ಹೊಗೆಯೂ ಇಲ್ಲ, ಬರೆ ಅಷ್ಟೆ. (ಬ್ಲೂರೇಲಿ ಎಲ್‌ಟಿಎಚ್ ಅಂತ ಒಂದು ಜಾತಿ ಇದೆ, ಅದರಲ್ಲಿ ಉಲ್ಟಾ, ಬರೆ ಬಿದ್ದ ಕಡೆಯೇ ಹೊಳೆಯತ್ತೆ, ಅದಕ್ಕೇ ಎಷ್ಟೋ ಹಳೇ ಬ್ಲೂರೇ ಪ್ಲೇಯರು ಫರ್ಮ್‌ವೇರ್, ಅಂದ್ರೆ ಯಂತ್ರದೊಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಆಗೋವರೆಗೂ ಅದನ್ನ ಮುಟ್ಟಲ್ಲ.) ಆದ್ರೆ ಅಳಿಸಿ ಮತ್ತೆ ಬರೆಯೋಕೆ ಬರೋ ಆರ್‌ಡಬ್ಲ್ಯೂ ಡಿಸ್ಕಿಗೆ ‘ಬರೆ’ ಅನ್ನೋಕೆ ನನಗೆ ಮನಸ್ಸಿಲ್ಲ. ಅಲ್ಲಿ ಬಣ್ಣದ ಬದಲು ಲೋಹದ ಮಿಶ್ರಣ, ಕರಗಿಸಿ ಬೇಗ ತಣಿಸಿದ್ರೆ ಒಂದು ಸ್ಥಿತಿ, ಹದವಾಗಿ ಕಾಯಿಸಿದ್ರೆ ಮತ್ತೆ ಮೊದಲಿನ ಸ್ಥಿತಿ. ಅಳಿಸೋಕೆ ಬಂದ್ರೆ ಅದು ಬರೆ ಹೇಗಾಗತ್ತೆ? ಅದಕ್ಕೆ ಸ್ಲೇಟು ಅನ್ನಬೇಕು.

ಇನ್ನು ‘ಖಾಲಿ’. ಖಾಲಿ ಡಿಸ್ಕ್ ಇದೆ ಅಂದ್ರೆ ಒಂದು ಅರ್ಥ, ಡಿಸ್ಕ್ ಖಾಲಿ ಇದೆ ಅಂದ್ರೂ ಹೆಚ್ಚುಕಮ್ಮಿ ಅದೇ, ಆದ್ರೆ ಡಿಸ್ಕ್ ಖಾಲಿ ಆಯ್ತು ಅಂದ್ರೆ ಡಬ್ಬಿಯಲ್ಲಿ ಒಂದೂ ಉಳಿದಿಲ್ಲ. ಬರಿಗೈ, ಬರಿಗಾಲು ಇದ್ದಹಾಗೆ ‘ಬರಿ ಡಿಸ್ಕು’ ಅನ್ನೋಣ ಅಂದ್ರೆ ಮಾತಲ್ಲಿ ‘ಬರೆ’ಯೂ ‘ಬರಿ’ಯೇ ಆಗತ್ತೆ, “ಬರಿ ಡಿಸ್ಕಿಗೆ ಬರಿ” ಅಂತ ಹೇಳಿ ನಾನೇ ನಕ್ಕುಬಿಟ್ಟೆ. ಅದೂ ಅಲ್ಲದೆ ಆ ಡಿಸ್ಕು ನಿಜವಾಗಿ ಬರಿದೂ ಅಲ್ಲ. ಅದರಲ್ಲಿ ಸುರುಳಿಯಾಗಿ ಒಂದು ಸಾಲು ಮೊದಲೇ ತೋಡಿರತ್ತೆ, ಆ ಸಾಲಿನ ಕೊಂಕಲ್ಲೋ ಪಕ್ಕದ ಸಣ್ಣ ಗುಳಿಗಳಲ್ಲೋ ತಯಾರಕರ ಗುರುತು, ಡಿಸ್ಕಿನ ಜಾತಿ, ಎಷ್ಟು ವೇಗ ತಡೆಯತ್ತೆ ಅನ್ನೋದೆಲ್ಲ ಇರತ್ತೆ. ಬರ್ನರ್ (ಡಿಸ್ಕ್ ಬರೆಯೋ ಡ್ರೈವು) ಅದನ್ನ ಓದಿ, ತನ್ನ ಫರ್ಮ್‌ವೇರಿನ ಪಟ್ಟಿಯಲ್ಲಿ ಆ ಗುರುತು ಹುಡುಕಿ, ಇದಕ್ಕೆ ಇಷ್ಟು ಶಾಖ ಇಷ್ಟು ಹೊತ್ತು ಅಂತ ತೀರ್ಮಾನ ಮಾಡೋದು. ಪಟ್ಟಿಯಲ್ಲಿ ಇಲ್ಲ ಅಂದ್ರೆ ಏನೋ ಒಂದು ಅಂದಾಜಲ್ಲಿ ಬರೀತದೆ, ಅಲ್ಲೇ ಅರ್ಧ ಎಡವಟ್ಟು. ಹೊಸ ಡಿಸ್ಕು ಹಳೇ ಬರ್ನರ್ ಆದಾಗ ಫರ್ಮ್‌ವೇರ್ ಅಪ್‌ಡೇಟ್ ಮಾಡಿ ಅನ್ನೋದು ಇದಕ್ಕೇ. ನಿಧಾನ ಬರೆದಷ್ಟೂ ಒಳ್ಳೇದು ಅಂತ ಒಂದು ನಂಬಿಕೆ ಇದೆಯಲ್ಲ, ಅದೂ ಪೂರ್ತಿ ನಿಜ ಅಲ್ಲ. 16 ಎಕ್ಸ್ ಅಂತ ಮಾಡಿದ ಡಿಸ್ಕಿಗೆ ತೀರಾ ಕೆಳಗಿನ ವೇಗದಲ್ಲಿ ಹದ ತಪ್ಪಬಹುದು, 8 ಎಕ್ಸ್ ಹಾಗೆ ನಡುವಿನ ವೇಗವೇ ಎಷ್ಟೋ ಸಲ ವಾಸಿ.

ನನಗೆ ತುಂಬ ಇಷ್ಟವಾಗಿದ್ದು ‘ಅಚ್ಚು’ ಅನ್ನೋ ಪದ. ಕಾರ್ಖಾನೆಯಲ್ಲಿ ಒತ್ತಿ ಮಾಡಿದ ಡಿಸ್ಕಿಗೆ ‘ಅಚ್ಚಿನ ಡಿಸ್ಕು’, ನಾವು ಮಾಡ್ಕೊಂಡಿದ್ದಕ್ಕೆ ‘ಕೈಬರಹದ ಡಿಸ್ಕು’ ಅಂದೆ, ಚಿಕ್ಕಪ್ಪನಿಗೆ ತಕ್ಷಣ ಅರ್ಥ ಆಯ್ತು. “ಹಂಗಂದ್ರೆ ನಮ್ಮ ಪ್ಲೇಯರಿಗೆ ಅಚ್ಚು ಓದಕ್ಕೆ ಬರತ್ತೆ, ಕೈಬರಹ ಬರಲ್ಲ ಅನ್ನು” ಅಂದ್ರು. ಅದೇ ನೋಡಿ ವಿಷಯ! ಮೊದಮೊದಲ ಡಿವಿಡಿ ಪ್ಲೇಯರುಗಳು ಅಂಗಡಿಯ ಆಡಿಯೋ ಸಿಡಿ ಹಾಡಿ, ಮನೇಲಿ ಬರೆದ ಸಿಡಿ-ಆರ್ ಮಾತ್ರ ಕಾಣದೆ ಕೂರ್ತಿದ್ವು. ಸಿಡಿ-ಆರ್ ಬಣ್ಣ 780 ನ್ಯಾನೋಮೀಟರ್ ಬೆಳಕಿಗೆ ಅಂತ ಮಾಡಿದ್ದು, ಡಿವಿಡಿಯ ಕೆಂಪು ಲೇಸರ್ 650, ಆ ಬೆಳಕನ್ನ ಬಣ್ಣ ನುಂಗಿಬಿಡತ್ತೆ, ಎರಡನೇ ಲೇಸರ್ ಇಲ್ಲದ ಪ್ಲೇಯರಿಗೆ ಕಾಣೋದು ಕತ್ತಲೆ. ಆರ್‌ಡಬ್ಲ್ಯೂ ಕತೆ ಬೇರೆ, ಸಿಡಿ-ಆರ್‌ಡಬ್ಲ್ಯೂ ವಾಪಸ್ ಕೊಡೋ ಬೆಳಕು ಅಚ್ಚಿನ ಸಿಡಿಯ ಮೂರನೇ ಒಂದು ಭಾಗಕ್ಕಿಂತಲೂ ಕಮ್ಮಿ, ಮಬ್ಬುಗಣ್ಣಿನವರಿಗೆ ತಿಳಿ ಪೆನ್ಸಿಲಲ್ಲಿ ಬರೆದುಕೊಟ್ಟ ಹಾಗೆ.

ಪ್ಲಸ್ ಮೈನಸ್ ಗೊಂದಲಾನೂ ಪದದ್ದೇ. ಡಿವಿಡಿ-ಆರ್‌ನ ನಡುವಿನದು ಬರೀ ಅಡ್ಡಗೆರೆ, ಕಳೆಯೋ ಚಿಹ್ನೆ ಅಲ್ಲ. 1997ರಲ್ಲಿ ಅದು ಬಂದಾಗ ಹಾಗೇ ಇತ್ತು, 2002ರಲ್ಲಿ ಇನ್ನೊಂದು ಗುಂಪು ಡಿವಿಡಿ+ಆರ್ ಅಂತ ತಂದ ಮೇಲೆ ಪಾಪ ಗೆರೆ ‘ಮೈನಸ್’ ಆಗಿಹೋಯ್ತು. ಚಿಕ್ಕಪ್ಪನೂ ಪ್ಲಸ್ಸೇ ಮೇಲು ಅಂತ ಅದನ್ನೇ ತಂದಿದ್ರು. ಹಳೇ ಪ್ಲೇಯರ್ ಎಷ್ಟೋ ಇದನ್ನ ಗುರುತು ಹಿಡಿಯಲ್ಲ. ಅದಕ್ಕೆ ಒಂದು ಉಪಾಯ ಇದೆ, ಬರೆಯೋವಾಗ ಡಿಸ್ಕಿನ ಜಾತಿ ಹೇಳೋ ‘ಬುಕ್ ಟೈಪ್’ ಅನ್ನೋ ಜಾಗದಲ್ಲಿ ನಾನು ಡಿವಿಡಿ-ರೋಮ್, ಅಂದ್ರೆ ಅಚ್ಚಿನವನು, ಅಂತ ಸುಳ್ಳು ಹೇಳಿಸೋದು. ಬರ್ನರ್ ಒಪ್ಪಬೇಕು, ಡಿಸ್ಕೂ ಪ್ಲಸ್ ಆಗಿರಬೇಕು, ಮೈನಸ್ಸಲ್ಲಿ ಆ ಜಾಗ ಮೊದಲೇ ತುಂಬಿರತ್ತೆ. ಇದಕ್ಕೆ ಕನ್ನಡ ಹುಡುಕೋದೇ ಬೇಡ, ಹುಲಿ ನೋಡಿ ನರಿ ಬರೆ ಹಾಕ್ಕೊಂಡಿತಂತೆ! ಗಾದೆಯ ನರಿಗೆ ನಷ್ಟ ಆಯ್ತು, ಈ ನರಿ ಮಾತ್ರ ಪಾಸಾಗತ್ತೆ.

‘ಮುಚ್ಚು’ಗೆ ಮಾತ್ರ ಏನೂ ಸಿಗ್ತಿಲ್ಲ. ಫೈನಲೈಸ್ ಮಾಡೋದು ಅಂದ್ರೆ ಡಿಸ್ಕಿನ ಒಳಗಡೆ ಶುರುವಲ್ಲಿ ಪರಿವಿಡಿ ಬರೆದು, ಹೊರಗಡೆ ಇಲ್ಲಿಗೆ ಮುಗೀತು ಅನ್ನೋ ಗುರುತು ಹಾಕೋದು. ಅದಿಲ್ಲದಿದ್ರೂ ಕಂಪ್ಯೂಟರಿನ ಡ್ರೈವ್ ತಾತ್ಕಾಲಿಕ ಲೆಕ್ಕ ನೋಡ್ಕೊಂಡು ಓದತ್ತೆ, ಟೀವಿ ಪ್ಲೇಯರ್ ಪರಿವಿಡಿ ಕಾಣದೆ ‘ನೋ ಡಿಸ್ಕ್’ ಅಂತದೆ. ಸರ್ಕಾರಿ ಕನ್ನಡದ ‘ಅಂತಿಮಗೊಳಿಸು’ ಬೇಡ. ಹೊಲಿಗೆಯ ಕೊನೆಗೆ ಗಂಟು ಹಾಕ್ತಾರಲ್ಲ, ಹಾಕದಿದ್ರೆ ದಾರ ಬಿಚ್ಕೊಳ್ಳತ್ತೆ, ಹಂಗೆ ‘ಗಂಟು ಹಾಕು’ ಅನ್ಬೋದಾ? ಸೆಷನ್ನಿಗೆ, ಅಂದ್ರೆ ಒಂದು ಸಲಕ್ಕೆ ಬರೆದು ಮುಗಿಸಿದ ಭಾಗಕ್ಕೆ, ‘ಕಂತು’ ಅಂತ ಇಟ್ಕೊಂಡಿದೀನಿ, ಆಡಿಯೋ ಸಿಡಿ ಪ್ಲೇಯರ್ ಮೊದಲನೇ ಕಂತು ಬಿಟ್ಟು ಮುಂದಿನದು ನೋಡಲ್ಲ ಅನ್ನೋಕೆ ಚೆನ್ನಾಗಿದೆ.

ಕೊನೇದು ‘ಹೊಂದಾಣಿಕೆ’. ಕಂಪ್ಯಾಟಿಬಿಲಿಟಿಗೆ ಎಲ್ಲಾ ಕಡೆ ಇದನ್ನೇ ಹಾಕ್ತಾರೆ, ನನಗೆ ಅದು ಗಂಡ ಹೆಂಡತಿ ಮಾತು ಅನ್ಸತ್ತೆ, ಇಬ್ಬರೂ ಸ್ವಲ್ಪ ಸ್ವಲ್ಪ ಸೋಲೋದು. ಪ್ಲೇಯರ್ ಎಲ್ಲಿ ಸೋಲತ್ತೆ? ಜನ ಆಡೋ ಮಾತಲ್ಲೇ ಒಳ್ಳೇ ಪದ ಇದೆ, “ಈ ಡಿಸ್ಕ್ ತಗೊಳ್ತಿಲ್ಲ”. ಅಷ್ಟೇ ಅಲ್ಲ, ಎಲ್ಲಿ ಕೆಟ್ಟಿದೆ ಅಂತ ಕ್ರಿಯಾಪದವೇ ಹೇಳಿಬಿಡತ್ತೆ. ಬರೀತಿಲ್ಲ ಅಂದ್ರೆ ಬರ್ನರಿಗೂ ಡಿಸ್ಕಿಗೂ ಜಗಳ. ತಗೊಳ್ತಿಲ್ಲ ಅಂದ್ರೆ ಡಿಸ್ಕಿಗೂ ಪ್ಲೇಯರಿಗೂ. ತಗೊಂಡು ಹಾಡ್ತಿಲ್ಲ ಅಂದ್ರೆ ಒಳಗಿರೋ ಫೈಲ್ ಅದಕ್ಕೆ ಗೊತ್ತಿಲ್ಲದ ಜಾತಿ, ಹಳೇ ಸಿಡಿ ಪ್ಲೇಯರಿಗೆ ಎಂಪಿತ್ರೀ ಕೊಟ್ಟ ಹಾಗೆ. ಚೀಟಿಯಲ್ಲಿ ಮೊದಲನೇ ಸಾಲೇ ಇದು, ಮೂರರಲ್ಲಿ ಯಾವುದು ಅಂತ ನೋಡ್ಕೊಂಡು ಫೋನ್ ಮಾಡಿ ಅಂತ.

ಚಿಕ್ಕಪ್ಪನ ಕೇಸಲ್ಲಿ ‘ಆಮೇಲೆ ಇನ್ನೂ ಸೇರಿಸಬಹುದು’ ಅನ್ನೋ ಟಿಕ್ಕು ಹಾಗೇ ಉಳಿದಿತ್ತು, ತೆಗೆಸಿ ಗಂಟು ಹಾಕಿಸಿದ್ವಿ. ಆದ್ರೂ ತಗೊಳ್ಳಲಿಲ್ಲ. ಮುಂದಿನ ಡಿಸ್ಕಿಗೆ ನರಿ ಉಪಾಯ ಮಾಡಿದ ಮೇಲೆ ಟಕ್ ಟಕ್ ಎರಡೇ ಸಲ ಕೇಳಿಸ್ತು, ಚಿತ್ರ ಬಂತು.

ಈಗ ನಿಮ್ಮ ಕಡೆ ಹೇಳಿ. ‘ಬರೆ’ ಎರಡು ಅರ್ಥದಲ್ಲೂ ನಿಮ್ಮ ಮಾತಲ್ಲಿ ಇದೆಯಾ, ಉಚ್ಚಾರಣೆ ಒಂದೇನಾ? ‘ಡಿಸ್ಕಿಗೆ ಬರೆ ಹಾಕು’ ಅಂದ್ರೆ ಕಿವಿಗೆ ಕ್ರೂರವಾಗಿ ಕೇಳತ್ತಾ? ‘ಗಂಟು ಹಾಕು’ಗಿಂತ ಚೆನ್ನಾಗಿರೋದು ಏನಾದ್ರೂ ಇದ್ರೆ ಬೇಗ ಕೊಡಿ, ಚಿಕ್ಕಪ್ಪ ಇನ್ನೂ ಹದಿನೇಳು ಟೇಪು ಇಟ್ಕೊಂಡು ಕಾಯ್ತಿದಾರೆ.