ಆಪರೇಷನ್‌ಗೆ ಇನ್ನೂ ಮೂರು ವಾರ ಇದೆ, ಅಪ್ಪನ ಕೆಮ್ಮಿಗೆ ಈಗಲೇ ಏನಾದರೂ ಮಾಡಬಹುದಾ?

ಸಿಂಧನೂರಿನ ಮಗ:
ಅಪ್ಪನಿಗೆ 61. ಇಲ್ಲಿನ ರೈಸ್ ಮಿಲ್‌ನಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದವರು. ತೌಡಿನ ಧೂಳು ಒಂದು ಕಡೆ, ದಿನಕ್ಕೊಂದು ಕಟ್ಟು ಬೀಡಿ ಇನ್ನೊಂದು ಕಡೆ. ಬೆಳಿಗ್ಗೆ ಎದ್ದ ಕೂಡಲೇ ಅವರ ಕೆಮ್ಮು ಇಡೀ ಓಣಿಗೆ ಕೇಳುತ್ತದೆ. ಈಗ ಪಿತ್ತಕೋಶದ ಕಲ್ಲಿಗೆ ಆಪರೇಷನ್. ಲ್ಯಾಪ್ರೋಸ್ಕೋಪಿ ಆಗಲ್ಲ, ಹೊಟ್ಟೆ ಕೊಯ್ದೇ ಮಾಡಬೇಕು ಅಂದಿದ್ದಾರೆ. "ಇವರ ಎದೆ ಸರಿಯಿಲ್ಲ, ಆಮೇಲೆ ನ್ಯುಮೋನಿಯಾ ಆಗಬಹುದು" ಅಂತಲೂ ಹೇಳಿದರು. ಉಸಿರಾಟದ ವ್ಯಾಯಾಮಕ್ಕೆ ಅಂತ ಮೂರು ಗುಂಡಿನ ಒಂದು ಪ್ಲಾಸ್ಟಿಕ್ ಡಬ್ಬಿ ಬರೆದುಕೊಟ್ಟರು. ಅದನ್ನು ಆಪರೇಷನ್ ಆದ ಮೇಲೆ ತಂದರೆ ಸಾಲದಾ?

ಬಳ್ಳಾರಿ ಫಿಸಿಯೋ:
ಸಾಲಲ್ಲ ತಮ್ಮಾ, ಇವತ್ತೇ ತನ್ನಿ. ಒಮ್ಮೆ ನನ್ನನ್ನು ಆಪರೇಷನ್ ಆದ ಮೂರನೇ ದಿನ ಕರೆದಿದ್ದರು. ರೋಗಿ ಅಜ್ಜ ಹೊಲಿಗೆ ಮೇಲೆ ಎರಡೂ ಕೈ ಇಟ್ಟುಕೊಂಡು, ನಾಯಿಮರಿ ಹಾಗೆ ತುಣುಕು ತುಣುಕು ಉಸಿರಾಡುತ್ತಿದ್ದರು. ಜ್ವರ ಬಂದಿತ್ತು. "ಅಜ್ಜಾ, ಕೆಮ್ಮಿ" ಅಂದರೆ ನನ್ನ ಮುಖ ನೋಡಿ ಅತ್ತುಬಿಟ್ಟರು. ಆ ನೋವಿನಲ್ಲಿ ಯಾರಿಗೆ ಪಾಠ ತಲೆಗೆ ಹೋಗುತ್ತೆ?

ಪಕ್ಕೆಲುಬಿನ ಕೆಳಗೆ ಕೊಯ್ದರೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು, ಸರಿಯಾಗಿ ಆಡಲ್ಲ. ನೋವಿಗೆ ಹೆದರಿ ಮೇಲುಮೇಲೆ ಸಣ್ಣ ಉಸಿರು ತೆಗೆದುಕೊಳ್ಳುತ್ತಾರೆ. ಶ್ವಾಸಕೋಶದ ತಳಭಾಗ ಮುದುಡಿಕೊಳ್ಳುತ್ತದೆ, ಅಲ್ಲೇ ಕಫ ನಿಲ್ಲುತ್ತದೆ. 2018ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ 441 ರೋಗಿಗಳ ಅಧ್ಯಯನ ಬಂತು. ಎಲ್ಲರಿಗೂ ಪುಸ್ತಿಕೆ ಕೊಟ್ಟರು, ಅರ್ಧದಷ್ಟು ಜನರಿಗೆ ಮಾತ್ರ ಜೊತೆಗೆ 30 ನಿಮಿಷ ಫಿಸಿಯೋ ಕೂತು ಹೇಳಿಕೊಟ್ಟರು. ಬರೀ ಪುಸ್ತಿಕೆ ಸಿಕ್ಕವರಲ್ಲಿ ನೂರಕ್ಕೆ 27 ಜನರಿಗೆ ಶ್ವಾಸಕೋಶದ ತೊಂದರೆ ಆಯಿತು. ಹೇಳಿಸಿಕೊಂಡವರಲ್ಲಿ 12. ಒಂದೇ ಸಲದ ಪಾಠ, ಅದೂ ಆಪರೇಷನ್‌ಗೆ ಮುಂಚೆ!

ಅಪ್ಪನನ್ನು ನೆಟ್ಟಗೆ ಕೂರಿಸಿ. ನಿಧಾನವಾಗಿ ತುಂಬ ಉಸಿರು ಎಳೆದುಕೊಂಡು, ಮೂರು ಎಣಿಸುವವರೆಗೆ ಹಿಡಿದು ಬಿಡಲಿ. ಹೀಗೆ ಹತ್ತು ಸಲ, ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಹತ್ತು. ಆಮೇಲೆ ದಿಂಬನ್ನು ಹೊಟ್ಟೆಗೆ ಗಟ್ಟಿಯಾಗಿ ಒತ್ತಿ ಹಿಡಿದು ಮೂರು ಸಲ ಕೆಮ್ಮಲಿ. ಆಪರೇಷನ್ ಆಗಿ ಎಚ್ಚರ ಆದ ಮೇಲೆ ಎಚ್ಚರ ಇರುವಷ್ಟು ಹೊತ್ತು ಗಂಟೆಗೊಮ್ಮೆ ಇದನ್ನೇ ಮಾಡಬೇಕು, ಡಾಕ್ಟರ್ ಹೂಂ ಅಂದ ಕೂಡಲೇ ಎದ್ದು ನಡೆಯಬೇಕು.

ಬೀಡಿ ಇವತ್ತೇ ಬಿಡಿಸಿ. ನಾಲ್ಕು ವಾರ ಮುಂಚೆ ಬಿಟ್ಟಿದ್ದರೆ ಚೆನ್ನಾಗಿತ್ತು, ಮೂರು ವಾರವೂ ಸುಮ್ನೆ ಅಲ್ಲ. "ಈಗ ಬಿಟ್ಟರೆ ಕಫ ಜಾಸ್ತಿ ಆಗುತ್ತೆ" ಅನ್ನುವವರ ಮಾತು ಕೇಳಬೇಡಿ. ಆದರೆ ಆ ಬೆಳಗಿನ ಕೆಮ್ಮನ್ನು ಅರಿವಳಿಕೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಉಬ್ಬಸ ಇದೆಯಾ ಅಂತ ನೋಡಿ, ಬೇಕಿದ್ದರೆ ಮೊದಲೇ ಇನ್‌ಹೇಲರ್ ಕೊಡುತ್ತಾರೆ.

ಕೊಪ್ಪಳದವ:
ನನಗೂ ಆ ಡಬ್ಬಿ ಕೊಟ್ಟಿದ್ದರು. ಎರಡು ದಿನ ಪುಗ್ಗೆ ಊದಿದ ಹಾಗೆ ಊದಿದೆ. ಗುಂಡು ಅಲ್ಲಾಡಲಿಲ್ಲ. ಡಬ್ಬಿ ಕೆಟ್ಟಿದೆ ಅಂತ ಮೆಡಿಕಲ್ ಶಾಪಿನವನ ಹತ್ತಿರ ಜಗಳವನ್ನೂ ಆಡಿಬಂದೆ. ಕೊನೆಗೆ ನರ್ಸಕ್ಕ ನಕ್ಕು, "ಊದಬೇಡ್ರೀ, ಎಳನೀರು ಹೀರಿದ ಹಾಗೆ ಎಳೀರಿ" ಅಂದರು.

ಬಳ್ಳಾರಿ ಫಿಸಿಯೋ:
ಅರ್ಧ ಜನ ಊದುವವರೇ! ಇನ್ನೊಂದು, ಜೋರಾಗಿ ಎಳೆದು ಮೂರೂ ಗುಂಡು ಟಪ್ ಅಂತ ಎಬ್ಬಿಸುವುದು ದೊಡ್ಡಸ್ತಿಕೆ ಅಲ್ಲ. ಒಂದೋ ಎರಡೋ ಗುಂಡು ಮೇಲೆ ನಿಲ್ಲಲಿ. ನಿಧಾನ ಮುಖ್ಯ.

ಸಿಂಧನೂರಿನ ಮಗ:
ಥ್ಯಾಂಕ್ಸ್ ಅಕ್ಕಾ. ಡಬ್ಬಿ ತಂದೆ. "ಊದಬೇಡಪ್ಪಾ, ಎಳಿ" ಅಂದಿದ್ದಕ್ಕೆ ಅಪ್ಪ, "ಮೂವತ್ತು ವರ್ಷದಿಂದ ಬೀಡಿ ಎಳೆದವನಿಗೆ ನೀನು ಎಳೆಯೋದು ಕಲಿಸ್ತೀಯೇನೋ" ಅಂದರು. ಒಂದು ಗುಂಡು ಎದ್ದಿತು. ಎರಡನೆಯದಕ್ಕೆ ಕೆಮ್ಮು ಬಂತು. ಅಮ್ಮ ಆಗಲೇ ದಿಂಬು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು.